ಮುಂಬೈನ ಮಂಗಳಮುಖಿಯರ ಭಾವಚಿತ್ರ ತೆಗೆಯುವ ಆಸೆ. ಎಲ್ಲಿಂದ ಶುರು ಮಾಡಲಿ?

ಮೊದಲು ಕ್ಯಾಮೆರಾ ಚೀಲದಲ್ಲೇ ಇರಲಿ. ಅಮೆರಿಕದ ಛಾಯಾಗ್ರಾಹಕಿ ಮೇರಿ ಎಲೆನ್ ಮಾರ್ಕ್ 1968ರಲ್ಲಿ ಮುಂಬೈನ ಲೈಂಗಿಕ ಕಾರ್ಯಕರ್ತೆಯರ ಬೀದಿಯಾದ ಫಾಕ್‌ಲ್ಯಾಂಡ್ ರೋಡಿಗೆ ಹೋದಾಗ ಅಲ್ಲಿನ ಹೆಂಗಸರು ಕಸ, ನೀರು ಎರಚಿದ್ದರು. ಹತ್ತು ವರ್ಷದ ನಂತರ ಮತ್ತೆ ಬಂದು, ಸ್ನೇಹ ಬೆಳೆಸಿದ ಮೇಲೆಯೇ ಆ ಬೀದಿಯ ಚಿತ್ರಗಳ 1981ರ ಪುಸ್ತಕ ಸಾಧ್ಯವಾಯಿತು.

ನನಗೆ ಅದಕ್ಕಿಂತ ದೊಡ್ಡದೆನಿಸುವುದು ಭಾರತದ ಛಾಯಾಗ್ರಾಹಕಿ ದಯಾನಿತಾ ಸಿಂಗ್ ನಡೆದುಕೊಂಡ ರೀತಿ. 1989ರಲ್ಲಿ ದೆಹಲಿಯಲ್ಲಿ ಮೋನಾ ಅಹ್ಮದ್ ಎಂಬ ಮಂಗಳಮುಖಿಯ ಚಿತ್ರ ತೆಗೆದರು. ಲಂಡನ್ ಪತ್ರಿಕೆಗೆಂದು ತಿಳಿದು ಮೋನಾ ಬೇಡವೆಂದಾಗ ಫಿಲ್ಮನ್ನೇ ಅವರ ಕೈಗಿತ್ತರು. ಆ ನಂಬಿಕೆಯಿಂದ ಬೆಳೆದ 2001ರ ಪುಸ್ತಕದಲ್ಲಿ ಮಾತು ಮೋನಾ ಅವರದೇ.

ಮುಂಬೈಯಲ್ಲಿ ಕಲಬುರಗಿ, ವಿಜಯಪುರ ಕಡೆಯವರು ಸಿಕ್ಕರೆ ಕನ್ನಡದಲ್ಲೇ ಮಾತಾಡಿಸಿ. ಸೀರೆ, ಭಂಗಿ, ಜಾಗ ಅವರೇ ಆರಿಸಲಿ. ಸಿಗ್ನಲ್‌ನಲ್ಲಿ ಕಾರಿನೊಳಗಿಂದ ಕದ್ದು ತೆಗೆಯಲೇಬೇಡಿ. ಪ್ರಿಂಟ್ ತಂದು ಕೊಡಿ. ಬೇಡವೆಂದ ಚಿತ್ರವನ್ನು ಅವರೆದುರೇ ಅಳಿಸಿ.