ಓದುಗರ ಪ್ರಶ್ನೆ, ಅಕ್ಕನ ಉತ್ತರ: ಟೀಪಾಟ್ ಡೋಮ್ ಎಣ್ಣೆ, ನಮ್ಮ ದೇವರಕಾಡು

ಪ್ರಶ್ನೆ: ಅಕ್ಕ, ಕೆಎಎಸ್ ಪರೀಕ್ಷೆಗೆ ಓದುತ್ತಿದ್ದೇನೆ. ಅಮೆರಿಕದ ಟೀಪಾಟ್ ಡೋಮ್ ಹಗರಣದ ಬಗ್ಗೆ ಪುಸ್ತಕದಲ್ಲಿ ಎರಡೇ ಸಾಲು ಇದೆ. ಸರ್ಕಾರದ ಪೆಟ್ರೋಲಿಯಂ ಎಣ್ಣೆ ನೆಲವನ್ನು ಮಂತ್ರಿಯೊಬ್ಬರು ಲಂಚ ತಗೊಂಡು ಗುತ್ತಿಗೆಗೆ ಕೊಟ್ಟರಂತೆ. ಅಷ್ಟು ದೊಡ್ಡ ಆಸ್ತಿಯನ್ನು ಒಬ್ಬರೇ ಹೇಗೆ ಕೊಟ್ಟರು? (ಓದುಗ, ಸೋಮವಾರಪೇಟೆ)

ಉತ್ತರ: ತಮ್ಮಾ, ‘ಹೇಗೆ’ ಎಂದು ಕೇಳಿದೆಯಲ್ಲ, ಅದು ನನಗೆ ತುಂಬಾ ಇಷ್ಟವಾಯಿತು. ನಾನು ಸಹಕಾರ ಸಂಘಗಳ ಲೆಕ್ಕ ನೋಡಿ ನಿವೃತ್ತಳಾದವಳು. ದುಡ್ಡು ಹೋದದ್ದು ಯಾವಾಗ ಎಂದು ಹುಡುಕುವ ಮೊದಲು ಬೀಗದ ಕೈ ಯಾರ ಹತ್ತಿರ ಇತ್ತು ಎಂದು ನಾವು ನೋಡುತ್ತೇವೆ.

ಟೀಪಾಟ್ ಡೋಮ್ ಇರುವುದು ವ್ಯೋಮಿಂಗ್ ರಾಜ್ಯದಲ್ಲಿ, ಕ್ಯಾಸ್ಪರ್ ಊರಿನ ಉತ್ತರಕ್ಕೆ. ಟೀಪಾಟ್ ಆಕಾರದ ಒಂದು ಬಂಡೆಯಿಂದ ಆ ಹೆಸರು ಬಂತು. ಆಗ ಅಮೆರಿಕದ ಯುದ್ಧಹಡಗುಗಳು ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಬದಲಾಗುತ್ತಿದ್ದವು. ಯುದ್ಧ ಬಂದರೆ ಬೇಕಾಗುತ್ತದೆ ಎಂದು ಕೆಲವು ಎಣ್ಣೆ ನೆಲಗಳನ್ನು ನೌಕಾಪಡೆಗೆಂದು ತೆಗೆದಿಟ್ಟರು. ಕ್ಯಾಲಿಫೋರ್ನಿಯಾದ ಎಲ್ಕ್ ಹಿಲ್ಸ್ 1912ರಲ್ಲಿ, ಟೀಪಾಟ್ ಡೋಮ್ 1915ರಲ್ಲಿ ಹೀಗೆ ಮೀಸಲಾದವು.

1921ರಲ್ಲಿ ವಾರೆನ್ ಹಾರ್ಡಿಂಗ್ ಅಧ್ಯಕ್ಷರಾದರು. ಆ ವರ್ಷ ಮೇ ತಿಂಗಳಲ್ಲೇ ಒಂದು ಆದೇಶ ಹೊರಬಿತ್ತು. ಈ ನೆಲಗಳ ಉಸ್ತುವಾರಿ ನೌಕಾ ಇಲಾಖೆಯಿಂದ ಆಂತರಿಕ ಇಲಾಖೆಗೆ (ಅಮೆರಿಕದಲ್ಲಿ ಇದು ಸರ್ಕಾರಿ ಜಮೀನು ನೋಡಿಕೊಳ್ಳುವ ಇಲಾಖೆ, ನಮ್ಮ ಗೃಹ ಇಲಾಖೆಯಂತಲ್ಲ) ಹೋಯಿತು. ಅಲ್ಲಿ ಮಂತ್ರಿಯಾಗಿದ್ದವರು ಆಲ್ಬರ್ಟ್ ಫಾಲ್. ನೌಕಾ ಮಂತ್ರಿ ಎಡ್ವಿನ್ ಡೆನ್ಬಿ ಇದಕ್ಕೆ ಒಪ್ಪಿಕೊಂಡರು. ನಿನ್ನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ತಮ್ಮಾ. ಆಸ್ತಿ ಇದ್ದಲ್ಲೇ ಇತ್ತು, ಕಡತ ಮಾತ್ರ ಮೇಜು ಬದಲಾಯಿಸಿತು. ಆಗ ಯಾರೂ ಜಾಸ್ತಿ ಗಲಾಟೆ ಮಾಡಲಿಲ್ಲ. 1922ರ ಏಪ್ರಿಲ್‌ನಲ್ಲಿ ಫಾಲ್ ಹರಾಜೂ ಇಲ್ಲದೆ, ಟೆಂಡರೂ ಇಲ್ಲದೆ, ಗುಟ್ಟಾಗಿ ಟೀಪಾಟ್ ಡೋಮ್ ಅನ್ನು ಹ್ಯಾರಿ ಸಿಂಕ್ಲೇರ್ ಅವರ ಕಂಪನಿಗೆ ಬರೆದುಕೊಟ್ಟರು. ಎಲ್ಕ್ ಹಿಲ್ಸ್ ಎಡ್ವರ್ಡ್ ಡೊಹೆನಿ ಅವರ ಕಂಪನಿಗೆ ಹೋಯಿತು.

ಫಾಲ್ ಕಾರಣ ಹೇಳದೆ ಇರಲಿಲ್ಲ. ಪಕ್ಕದ ಸಾಲ್ಟ್ ಕ್ರೀಕ್‌ನ ಬಾವಿಗಳು ನಮ್ಮ ನೆಲದ ಎಣ್ಣೆಯನ್ನೂ ಎಳೆದುಕೊಳ್ಳುತ್ತವೆ, ಅದಕ್ಕೆ ಮೊದಲೇ ತೆಗೆಯಬೇಕು ಅಂದರು. ಗುಟ್ಟು ಯಾಕೆ ಅಂದರೆ ದೇಶದ ರಕ್ಷಣೆ ಅಂದರು. ಎಣ್ಣೆ ಸೋರುವ ಭಯ ನಿಜವೇ ಇರಬಹುದು. ಹಾಗಿದ್ದರೆ ನಾಲ್ಕು ಕಂಪನಿ ಕರೆದು ಬಹಿರಂಗವಾಗಿ ದರ ಕೇಳಲು ಏನು ಅಡ್ಡಿ ಇತ್ತು?

ಇದನ್ನು ಓದುವಾಗ ನನಗೆ ನಮ್ಮ ಕೊಡಗಿನ ದೇವರಕಾಡು ನೆನಪಾಗುತ್ತದೆ. 1905ರಲ್ಲಿ ಅವು ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಗೆ ಹೋದವು. ಆಗ 6 ಸಾವಿರ ಹೆಕ್ಟೇರ್‌ಗೂ ಜಾಸ್ತಿ ಇದ್ದ ಕಾಡು, 1985ರಲ್ಲಿ ಅರಣ್ಯ ಇಲಾಖೆಗೆ ವಾಪಸ್ ಬರುವಾಗ ಎರಡೂವರೆ ಸಾವಿರದ ಆಸುಪಾಸಿಗೆ ಇಳಿದಿತ್ತು. ಅಲ್ಲಿ ಇಂಥ ಲಂಚ ನಡೆಯಿತು ಎಂದು ನಾನು ಹೇಳುತ್ತಿಲ್ಲ. ಊರಿನ ಆಸ್ತಿಯ ಉಸ್ತುವಾರಿ ಇಲಾಖೆಯಿಂದ ಇಲಾಖೆಗೆ ಹೋಗುವ ದಿನವೇ ನಾವು ಎದ್ದು ಕೇಳಬೇಕು. ಯಾರೋ ಬೇಲಿ ಹಾಕಿಕೊಂಡ ಮೇಲೆ ಕೇಳಿದರೆ ತಡವಾಗುತ್ತದೆ.

ಪ್ರಶ್ನೆ: ಫಾಲ್ ತಗೊಂಡದ್ದು ಸ್ನೇಹಿತನ ಸಾಲ ಎಂದು ಎಲ್ಲೋ ಓದಿದೆ. ನಾವೂ ಕಾಫಿ ಕೊಯ್ಲಿಗೆ ಮುಂಚೆ ವ್ಯಾಪಾರಿಯಿಂದ ಮುಂಗಡ ತಗೊಳ್ತೇವೆ. ಸಾಲ ಲಂಚ ಹೇಗಾಗುತ್ತದೆ ಅಕ್ಕ? (ಬೆಳೆಗಾರರು, ವಿರಾಜಪೇಟೆ)

ಉತ್ತರ: ಅಣ್ಣಾ, ನಿಮ್ಮ ಮುಂಗಡಕ್ಕೆ ಚೀಟಿ ಇರುತ್ತದೆ, ಕಾಫಿ ಕೊಟ್ಟಾಗ ಲೆಕ್ಕ ಚುಕ್ತಾ ಆಗುತ್ತದೆ. ಮುಖ್ಯವಾಗಿ, ನೀವು ಕೊಡುವುದು ನಿಮ್ಮ ತೋಟದ ಕಾಫಿ.

ಡೊಹೆನಿ ಕೊಟ್ಟದ್ದು 1 ಲಕ್ಷ ಡಾಲರ್ ನಗದು. 1921ರ ನವೆಂಬರ್‌ನಲ್ಲಿ ಅವರ ಮಗ ಒಂದು ಕಪ್ಪು ಚೀಲದಲ್ಲಿ ತಂದುಕೊಟ್ಟ. ಬಡ್ಡಿ ಇಲ್ಲ, ಅಡಮಾನ ಇಲ್ಲ. ಕೊನೆಗೆ ಇದರ ತನಿಖೆ ನಡೆಸಿದ ಸೆನೆಟ್ (ಅಮೆರಿಕ ಸಂಸತ್ತಿನ ಮೇಲ್ಮನೆ) ಸಮಿತಿಯ ಮುಂದೆ ಡೊಹೆನಿ ಸಾಲಪತ್ರವನ್ನೇನೋ ತೋರಿಸಿದರು, ಆದರೆ ಅದರಲ್ಲಿ ಸಹಿ ಇದ್ದ ಭಾಗ ಹರಿದುಹೋಗಿತ್ತು! ಸಹಿಯೇ ಇಲ್ಲದ ಪತ್ರ ನನ್ನ ಮುಂದೆ ಬಂದಿದ್ದರೆ ಅಂದಿನ ತಪಾಸಣೆಯನ್ನು ಅಲ್ಲಿಗೇ ನಿಲ್ಲಿಸಿ ಮೇಲಿನವರಿಗೆ ವರದಿ ಬರೆಯುತ್ತಿದ್ದೆ. ಸಿಂಕ್ಲೇರ್ ಕಡೆಯಿಂದ ಲಿಬರ್ಟಿ ಬಾಂಡ್ ಎಂಬ ಸರ್ಕಾರಿ ಬಾಂಡ್‌ಗಳು ಬಂದವು. ಜೊತೆಗೆ ಫಾಲ್ ಅವರ ನ್ಯೂ ಮೆಕ್ಸಿಕೋ ಜಮೀನಿಗೆ ಒಳ್ಳೆ ತಳಿಯ ದನ, ಹಂದಿ, ಒಂದು ಕುದುರೆ.

ಸಿಕ್ಕಿಬಿದ್ದದ್ದೂ ಆ ಜಮೀನಿನಿಂದಲೇ. ವರ್ಷಗಟ್ಟಲೆ ತೆರಿಗೆ ಬಾಕಿ ಇಟ್ಟಿದ್ದವರು ಇದ್ದಕ್ಕಿದ್ದಂತೆ ಬಾಕಿ ತೀರಿಸಿದರು. ಜಮೀನು ದೊಡ್ಡದಾಯಿತು, ರಿಪೇರಿ ಆಯಿತು. ಅಲ್ಬುಕರ್ಕಿಯ ಪತ್ರಕರ್ತ ಕಾರ್ಲ್ ಮ್ಯಾಗೀ ಇದನ್ನೆಲ್ಲ ಕಣ್ಣಾರೆ ಕಂಡಿದ್ದರು, ಸಮಿತಿಯ ಮುಂದೆ ಬಂದು ಹೇಳಿದರು. ತನಿಖೆ ನಡೆಸಿದ ಮೊಂಟಾನಾದ ಸೆನೆಟರ್ ಥಾಮಸ್ ವಾಲ್ಶ್ ಬಗ್ಗೆ ನನಗೆ ಬಹಳ ಗೌರವ. ಕಂತೆಗಟ್ಟಲೆ ಕಾಗದ ಕೂತು ಓದಿದವರು ಅವರು. ದುಡ್ಡು ಪತ್ರಿಕೆ ಮಾಲೀಕ ಎಡ್ವರ್ಡ್ ಮೆಕ್ಲೀನ್ ಕೊಟ್ಟ ಸಾಲ ಎಂದು ಫಾಲ್ ಹೇಳಿದಾಗ, ವಾಲ್ಶ್ ಮೆಕ್ಲೀನ್ ಇದ್ದ ಫ್ಲೋರಿಡಾಕ್ಕೇ ಹೋಗಿ ಕೇಳಿದರು. ಫಾಲ್ ಹೇಳಿದ್ದು ಸುಳ್ಳು ಎಂದು ಆಗ ಗೊತ್ತಾಯಿತು.

ಪ್ರಶ್ನೆ: ಕೊನೆಗೆ ಯಾರಿಗೆ ಶಿಕ್ಷೆ ಆಯಿತು? (ಓದುಗರು, ಕುಶಾಲನಗರ)

ಉತ್ತರ: 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಎರಡೂ ಗುತ್ತಿಗೆ ರದ್ದು ಮಾಡಿತು. ಲಂಚ ತಗೊಂಡದ್ದಕ್ಕೆ ಫಾಲ್‌ಗೆ 1929ರಲ್ಲಿ ಒಂದು ವರ್ಷದ ಶಿಕ್ಷೆ ಆಯಿತು. 1931ರಲ್ಲಿ ಜೈಲಿಗೆ ಹೋದರು. ಸಿಂಕ್ಲೇರ್ ಜೈಲು ಸೇರಿದ್ದು ಸೆನೆಟ್‌ಗೆ ಉತ್ತರ ಕೊಡದೆ ಇದ್ದದ್ದಕ್ಕೆ, ಜ್ಯೂರಿಯ (ತೀರ್ಪು ಹೇಳಲು ಜನರಿಂದ ಆರಿಸಿದ ಗುಂಪು) ಹಿಂದೆ ಪತ್ತೇದಾರರನ್ನು ಬಿಟ್ಟದ್ದಕ್ಕೆ. ಆದರೆ ಅದೇ ಲಂಚ ಕೊಟ್ಟ ಆರೋಪದಲ್ಲಿ ಡೊಹೆನಿ 1930ರಲ್ಲಿ ಖುಲಾಸೆಯಾದರು. ತಗೊಂಡದ್ದು ಲಂಚ, ಕೊಟ್ಟದ್ದು ಲಂಚ ಅಲ್ಲ ಎಂದಾಯಿತು. ಬೇರೆ ಬೇರೆ ಜ್ಯೂರಿ, ಬೇರೆ ಬೇರೆ ತೀರ್ಪು. ಇದು ಅನ್ಯಾಯ ಎಂದೇ ನನ್ನ ಅನಿಸಿಕೆ.

ಪ್ರಶ್ನೆ: ನಮ್ಮೂರ ದೇವರಕಾಡಿನ ಅಂಚಿನಲ್ಲಿ ಯಾರೋ ತಂತಿ ಬೇಲಿ ಹಾಕುತ್ತಿದ್ದಾರೆ. ಕೇಳಿದರೆ ‘ಮೇಲಿಂದ ಆರ್ಡರ್ ಆಗಿದೆ’ ಅನ್ನುತ್ತಾರೆ. ಸುಮ್ನೆ ಅರ್ಜಿ ಬರೆದರೆ ಏನಾದರೂ ಆಗುತ್ತದಾ? (ಹೆಸರು ಬೇಡ ಎಂದಿದ್ದಾರೆ, ನಾಪೋಕ್ಲು ಕಡೆಯವರು)

ಉತ್ತರ: ಆಗುತ್ತದೆ ತಂಗಿ, ಖಂಡಿತ ಬರೆಯಿರಿ. ಟೀಪಾಟ್ ಡೋಮ್ ವಿಷಯದಲ್ಲೂ ವ್ಯೋಮಿಂಗ್‌ನ ಜನ ತಮ್ಮ ಸೆನೆಟರ್ ಜಾನ್ ಕೆಂಡ್ರಿಕ್‌ಗೆ ಬರೆದು ಕೇಳಿದ್ದರು. ಅದರ ಮೇಲೆ ಅವರು ಸೆನೆಟ್‌ನಲ್ಲಿ ವಿವರ ಕೇಳಿ ನಿರ್ಣಯ ಮಂಡಿಸಿದರು.

ಮೊದಲು ಆ ಸರ್ವೆ ನಂಬರಿನ ಪಹಣಿ ತೆಗೆಸಿ. ಆಮೇಲೆ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, 150 ಪದ ಮೀರಬಾರದು. ಹಾಗಾಗಿ ಬೈಗುಳ, ಹಿನ್ನೆಲೆ ಎಲ್ಲ ಬಿಡಿ. ‘ಈ ಸರ್ವೆ ನಂಬರಿಗೆ ಸಂಬಂಧಿಸಿದ ಆದೇಶದ ಪ್ರತಿ, ಸರ್ವೆ ನಕ್ಷೆಯ ಪ್ರತಿ ಕೊಡಿ’ ಎಂದಷ್ಟೇ ಬರೆಯಿರಿ. ಅರಣ್ಯ ಇಲಾಖೆಗೆ ಒಂದು, ತಾಲ್ಲೂಕು ಕಚೇರಿಗೆ ಒಂದು, ಬೇರೆ ಬೇರೆಯಾಗಿ ಹಾಕಿ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಆಗ ಕಷ್ಟ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಡಬೇಡಿ. 30 ದಿನ ಕಳೆದರೂ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಕೈಗೆ ಬಂದ ಆದೇಶದ ಪ್ರತಿ ನನಗೂ ಕಳಿಸಿ. ಅದರಲ್ಲಿ ಯಾರ ಸಹಿ ಇದೆ, ಯಾವ ದಿನಾಂಕ ಇದೆ ಎಂದು ಕೂತು ನೋಡೋಣ.