ಕರೆಂಟ್ ಬಿಲ್ಲು ತಂದ ಜಗಳ: ಒಂದು ಆಪ್ತಸಲಹೆ ಪ್ರಕರಣ

ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಿಂದ ಮಗಳ ಕಾಲೇಜಿಗಾಗಿ ಶಿವಮೊಗ್ಗಕ್ಕೆ ಬಂದು, ಹೊಸದಾಗಿ ಕಟ್ಟಿದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದ ಮಹಿಳೆಯೊಬ್ಬರು ಕಳೆದ ಮಳೆಗಾಲದಲ್ಲಿ ಆಪ್ತಸಲಹೆಗೆ ಬಂದರು. ಅವರನ್ನು ಸರೋಜಮ್ಮ ಎನ್ನೋಣ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿದ್ದೆ ಬರುವುದಿಲ್ಲ, ಮಗಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ ಎಂಬುದು ಅವರ ದೂರು. ಕಾರಣ ಎರಡನೆಯ ಭೇಟಿಯಲ್ಲಿ ಹೊರಬಂತು: ಮಗಳು ರಾತ್ರಿ ಓದಲು ಕೂತರೆ ಇವರು ಎದ್ದು ಹೋಗಿ ಲೈಟ್ ಆರಿಸಿಬಿಡುತ್ತಿದ್ದರು. "ಬಿಲ್ಲು ನೋಡಿದರೆ ಎದೆ ಹೊಡೆದುಕೊಳ್ಳುತ್ತೆ ಮೇಡಂ, ಅವಳು ಹನ್ನೊಂದಾದರೂ ಆರಿಸೋದಿಲ್ಲ" ಎಂದರು. ಹುಡುಗಿ ತಾಯಿಯೊಂದಿಗೆ ಮಾತು ಬಿಟ್ಟಿದ್ದಳು.

ಗಂಡ ತೀರಿಕೊಂಡಿದ್ದಾರೆ. ಅಡಿಕೆ ಸುಲಿಯುವ ಕೆಲಸ ಕೊಯ್ಲಿನ ತಿಂಗಳುಗಳಲ್ಲಿ ಮಾತ್ರ ಸಿಗುತ್ತದೆ. ಮಳೆಗಾಲಕ್ಕೆ ಎರಡು ಮನೆಯ ಕೆಲಸದ ಸಂಬಳ ಮತ್ತು ಗೃಹಲಕ್ಷ್ಮಿಯ 2,000 ರೂಪಾಯಿಯೇ ಆಧಾರ. ಎರಡು ತಿಂಗಳ ಬಿಲ್ಲು ಬಾಕಿಯಿತ್ತು. ಲೈನ್‌ಮನ್ ಬಂದು ಫ್ಯೂಸ್ ಕಿತ್ತರೆ ಓಣಿಯವರೆದುರು ಮಾನ ಹೋಗುತ್ತದೆಂಬ ಅಂಜಿಕೆಯಿಂದ ಅವರು ಯಾರನ್ನೂ ಏನೂ ಕೇಳಿರಲಿಲ್ಲ.

ಇಂಥವರಿಗೆ ಧೈರ್ಯದ ಮಾತನ್ನಷ್ಟೇ ಹೇಳಿ ಕಳುಹಿಸುವುದು ಅನ್ಯಾಯವೆಂದು ನಾನು ನಂಬಿದ್ದೇನೆ. ಮುಂದಿನ ಭೇಟಿಗೆ ಬಿಲ್ಲಿನೊಂದಿಗೆ ಮಗಳನ್ನೂ ಕರೆತರಲು ಹೇಳಿ, ಲೆಕ್ಕವನ್ನು ಅವಳ ಕೈಯಲ್ಲೇ ಮಾಡಿಸಿದೆ. ಬಳಕೆ ತಿಂಗಳಿಗೆ 85 ಯೂನಿಟ್. ಅವಳು ಓದುವ 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ ನಾಲ್ಕು ಗಂಟೆ ಉರಿದರೂ ತಿಂಗಳಿಗೆ ಒಂದು ಯೂನಿಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಸ್ನಾನದ ನೀರಿಗೆ ದಿನವೂ ಒಂದು ಗಂಟೆ ಹಾಕುತ್ತಿದ್ದ 1,500 ವ್ಯಾಟಿನ ಕಾಯಿಲ್ಲಿಗೆ 45 ಯೂನಿಟ್! ಊರಿನಲ್ಲಿ ಬಚ್ಚಲ ಒಲೆಗೆ ಸೌದೆ ಹಾಕಿ ಹಂಡೆಯಲ್ಲಿ ನೀರು ಕಾಯಿಸಿದವರಿಗೆ ಇದನ್ನು ಯಾರೂ ತಿಳಿಸಿರಲಿಲ್ಲ. ಸರೋಜಮ್ಮ ಆ ಕಾಗದವನ್ನು ಬಹಳ ಹೊತ್ತು ನೋಡಿದರು. ಕಾಯಿಲ್ಲನ್ನು ಅರ್ಧ ಗಂಟೆಗೆ ಇಳಿಸಿದರೆ ಬಳಕೆ 63ರ ಹತ್ತಿರ ಬರುತ್ತದೆಂದು ಮಗಳೇ ಹೇಳಿದಳು. ಆ ಮಳೆಗಾಲದಲ್ಲಿ ಅವಳು ತಾಯಿಯ ಮುಖ ನೋಡಿ ಆಡಿದ ಮೊದಲ ಮಾತು ಅದಾಗಿತ್ತೆಂದು ಆಮೇಲೆ ತಿಳಿಯಿತು.

ಇನ್ನು ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ವಿಷಯ. 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ 200 ಯೂನಿಟ್ ಉಚಿತವೆಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ, 2022-23ರ ಸರಾಸರಿ ಬಳಕೆಗೆ ಶೇ. 10 (ಸರಾಸರಿ 48 ಯೂನಿಟ್ಟಿಗಿಂತ ಕಡಿಮೆಯಿದ್ದರೆ 10 ಯೂನಿಟ್) ಸೇರಿಸಿದಷ್ಟು ಆ ಮನೆಯ ಅರ್ಹತೆ, ಹಿಂದಿನ ಲೆಕ್ಕವಿಲ್ಲದ ಹೊಸ ಮನೆಗೆ 58 ಯೂನಿಟ್. ಅದನ್ನು ಮೀರಿದರೆ ಹೆಚ್ಚುವರಿ ಯೂನಿಟ್ಟಿಗೆ ಹಣ ಕಟ್ಟಬೇಕು; 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಒಬ್ಬರಿಗೆ ಒಂದೇ ಮೀಟರು. ಸರೋಜಮ್ಮನವರ ಆಧಾರ್ ಬೀಗ ಹಾಕಿದ ಊರಿನ ಮನೆಗೇ ಜೋಡಣೆಯಾಗಿ ಉಳಿದಿತ್ತು. ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಆ ಜೋಡಣೆಯನ್ನು ಬಿಡಿಸಿ, ಬಾಡಿಗೆ ಮನೆಯ ಆರ್‌ಆರ್ ನಂಬರಿಗೆ (ಬಿಲ್ಲಿನಲ್ಲಿರುವ ವಿದ್ಯುತ್ ಸಂಪರ್ಕದ ಸಂಖ್ಯೆ) ಹೊಸದಾಗಿ ನೋಂದಾಯಿಸಲು ತಿಳಿಸಿದೆ.

ಅಡ್ಡಿ ಬಂದದ್ದು ಮನೆ ಮಾಲೀಕರಿಂದ. ಬಾಡಿಗೆದಾರರ ಹೆಸರು ಎಲ್ಲಾದರೂ ಸೇರಿದರೆ ನಾಳೆ ಮನೆಯ ಮೇಲೆ ಹಕ್ಕು ಕೇಳಬಹುದೆಂಬ ಭಯ ಅವರದು. ಬೇಡಿಕೊಳ್ಳದೆ, ಜಗಳವನ್ನೂ ಮಾಡದೆ ಕೇಳುವುದು ಹೇಗೆಂದು ನಾವು ಆಪ್ತಸಲಹಾ ಕೇಂದ್ರದಲ್ಲೇ ಕೂತು ಅಭ್ಯಾಸ ಮಾಡಿದೆವು. "ಅಣ್ಣಾ, ಮೀಟರು ನಿಮ್ಮ ಹೆಸರಲ್ಲೇ ಇರುತ್ತೆ. ನನಗೆ ಬಾಡಿಗೆ ಕರಾರು ಪತ್ರ ಒಂದಿದ್ದರೆ ಸಾಕು" ಎಂಬ ಮಾತನ್ನು ಗಂಟಲು ನಡುಗದೆ ಹೇಳಲು ಅವರಿಗೆ ಸಮಯ ಹಿಡಿಯಿತು. ಹಳೆಯ ಬಾಕಿ ಹೊಸ ನೋಂದಣಿಯಿಂದ ಮನ್ನಾ ಆಗುವುದಿಲ್ಲವಾದ್ದರಿಂದ, ಕಂತಿನಲ್ಲಿ ಕಟ್ಟಲು ಅವಕಾಶ ಕೋರಿ ಮೆಸ್ಕಾಂ ಉಪವಿಭಾಗ ಕಚೇರಿಗೆ ಅರ್ಜಿ ಬರೆದುಕೊಡಲು ಹೇಳಿದೆ, ಬರೆದವಳು ಮಗಳು.

ಕರಾರು ಪತ್ರ ಸಿಕ್ಕಿತು, ನೋಂದಣಿಯಾಯಿತು, ಕಂತಿಗೂ ಒಪ್ಪಿಗೆ ದೊರೆಯಿತು. ತಾಯಿಗೆ ಈಗ ನಿದ್ದೆ ಬರುತ್ತಿದೆ. ಆದರೆ ಅಷ್ಟು ರಾತ್ರಿಗಳು ಕತ್ತಲಲ್ಲಿ ಕೂತ ಹುಡುಗಿಯ ನೋವು ಬಿಲ್ಲಿನೊಂದಿಗೆ ಇಳಿದಿಲ್ಲ. ಅವಳನ್ನು ಪ್ರತ್ಯೇಕವಾಗಿ ಭೇಟಿಯಾಗುತ್ತಿದ್ದೇನೆ.