ಶೇಕಡಾ ಎಂದರೆ ಯಾರಲ್ಲಿ? ಭೂತಾನದ ಆರೋಗ್ಯದ ಬಗ್ಗೆ ಬರೆದವರಿಗೆ

ಆತ್ಮೀಯರೇ,

ನೀವು ಕಳಿಸಿದ ‘ಪುಟ್ಟ ದೇಶದ ದೊಡ್ಡ ಹೆಜ್ಜೆ’ ಲೇಖನ ತಲುಪಿತು. ಎರಡು ಸಲ ಓದಿದೆ. ವಿಷಯ ಒಳ್ಳೆಯದು, ಭಾಷೆ ಸರಾಗವಾಗಿದೆ, ಶ್ರಮಪಟ್ಟು ಓದಿಕೊಂಡಿದ್ದೀರಿ. ಆದರೆ ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ನನ್ನನ್ನು ಕಾಡಿದ ದೋಷಗಳು ಎರಡು: ‘ವ್ಯಾಪ್ತಿಗೆ ಒಳಪಟ್ಟಿದ್ದಾರೆ’ ಎಂಬ ಮಸುಕು ಮಾತು, ಯಾರಲ್ಲಿ ಎಂದು ಹೇಳದ ಅಂಕಿಸಂಖ್ಯೆ. ಅವನ್ನು ಮಾತ್ರ ಬಿಡಿಸಿ ಹೇಳುತ್ತೇನೆ, ಉಳಿದದ್ದಕ್ಕೆ ಕೈ ಹಾಕುವುದಿಲ್ಲ.

ಮೊದಲ ಪುಟದಲ್ಲಿ ನಿಮ್ಮ ವಾಕ್ಯ: ‘2008ರ ಸಂವಿಧಾನದ ಪ್ರಕಾರ ಆರೋಗ್ಯ ಸೇವೆ ಉಚಿತವಾದ್ದರಿಂದ ಭೂತಾನದ ಎಲ್ಲ ಪ್ರಜೆಗಳೂ ಆರೋಗ್ಯ ರಕ್ಷಣೆಯ ವ್ಯಾಪ್ತಿಗೆ ಒಳಪಟ್ಟಿದ್ದಾರೆ.’ ಮೂರನೇ ಪುಟದಲ್ಲಿ: ‘ವಿಶ್ವ ಆರೋಗ್ಯ ಸಂಸ್ಥೆಯ ಸೂಚ್ಯಂಕದ ಪ್ರಕಾರ ನೂರಕ್ಕೆ ಅರವತ್ತು ಜನರಿಗೆ ಮಾತ್ರ ಸೇವೆ ದೊರೆಯುತ್ತಿದೆ.’ ಎಲ್ಲರೂ ಒಳಪಟ್ಟಿದ್ದರೆ ಉಳಿದ ನಲವತ್ತು ಜನ ಎಲ್ಲಿ ಹೋದರು? ಈ ಪ್ರಶ್ನೆ ನಿಮಗೇ ಏಳಬೇಕಿತ್ತು. ಎರಡು ವಾಕ್ಯಗಳೂ ತಪ್ಪು, ಬೇರೆ ಬೇರೆ ಕಾರಣಕ್ಕೆ.

ಸಂವಿಧಾನದ 9ನೇ ವಿಧಿಯ 21ನೇ ಕಲಮು ಹೇಳುವುದು ಇಷ್ಟು: ಆಧುನಿಕ ಮತ್ತು ಪಾರಂಪರಿಕ, ಎರಡೂ ವೈದ್ಯಪದ್ಧತಿಗಳಲ್ಲಿ ಮೂಲಭೂತ ಸಾರ್ವಜನಿಕ ಆರೋಗ್ಯ ಸೇವೆಯನ್ನು ಸರ್ಕಾರ ಉಚಿತವಾಗಿ ಒದಗಿಸಬೇಕು. ಇದು ಹೊತ್ತುಕೊಂಡ ಹೊಣೆ. ಆ ಹೊಣೆ ಎಷ್ಟರಮಟ್ಟಿಗೆ ನೆರವೇರಿದೆ ಎಂದು ಅಳೆಯುವುದು ನಿಮ್ಮ ಲೇಖನದ ಕೆಲಸ. ನೀವು ಹೊಣೆಯನ್ನೇ ಫಲಿತಾಂಶ ಮಾಡಿಬಿಟ್ಟಿದ್ದೀರಿ. ಜೊತೆಗೆ ‘ಮೂಲಭೂತ’ ಎಂಬ ಪದವನ್ನು ಕೈಬಿಟ್ಟಿದ್ದೀರಿ. ಯಾವ ಸೇವೆ ಆ ಪದದ ಒಳಗೆ, ಯಾವುದು ಹೊರಗೆ ಎಂಬ ಪ್ರಶ್ನೆಯೇ ಅದರಲ್ಲಿದೆ.

‘ವ್ಯಾಪ್ತಿಗೆ ಒಳಪಟ್ಟಿದ್ದಾರೆ’ ಎಂಬ ಮಾತು ನಿಮ್ಮ ಲೇಖನದಲ್ಲಿ ಒಂಬತ್ತು ಸಲ ಬರುತ್ತದೆ. ಎಣಿಸಿದ್ದೇನೆ. ಸುತ್ತೋಲೆಗೆ ಇದು ಸರಿ. ಆರೋಗ್ಯದ ಬರಹಕ್ಕೆ ಸಲ್ಲದು, ಏಕೆಂದರೆ ಯಾರಿಗೆ ಏನು ಸಿಕ್ಕಿತು ಎಂಬುದನ್ನೇ ಅದು ಮುಚ್ಚಿಡುತ್ತದೆ. ಒಂಬತ್ತೂ ಕಡೆ ಹೊಡೆದುಹಾಕಿ. ಆಸ್ಪತ್ರೆಗೆ ಹೋದರು, ಮಾತ್ರೆ ಸಿಕ್ಕಿತು, ಬಿಡದೆ ತೆಗೆದುಕೊಂಡರು, ಕಾಯಿಲೆ ಹತೋಟಿಗೆ ಬಂತು, ಸಾಲ ಮಾಡಿದರು: ಇವುಗಳಲ್ಲಿ ಯಾವುದು ನಿಜವೋ ಆ ಕ್ರಿಯಾಪದ ಹಾಕಿ. ಯಾವುದನ್ನು ಹಾಕಬೇಕೆಂದು ತಿಳಿಯದಿದ್ದರೆ ಆ ವಾಕ್ಯ ಬರೆಯುವಷ್ಟು ಮಾಹಿತಿ ನಿಮ್ಮ ಬಳಿ ಇಲ್ಲವೆಂದೇ ಅರ್ಥ.

ರಕ್ತದೊತ್ತಡದ ಪ್ಯಾರಾ ತೆಗೆದುಕೊಳ್ಳಿ. ‘ಬಿಪಿ ರೋಗಿಗಳೆಲ್ಲರೂ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಗೆ ಒಳಪಟ್ಟಿದ್ದಾರೆ’ ಎಂದಿದ್ದೀರಿ. ಭೂತಾನ 2014ರಲ್ಲಿ ಮತ್ತು 2019ರಲ್ಲಿ ಸ್ಟೆಪ್ಸ್ ಸಮೀಕ್ಷೆ (ಸೋಂಕಲ್ಲದ ರೋಗಗಳ ಅಪಾಯ ಅಳೆಯುವ ವಿಶ್ವ ಆರೋಗ್ಯ ಸಂಸ್ಥೆಯ ಮಾದರಿ ಸಮೀಕ್ಷೆ) ನಡೆಸಿದೆ. ಅದರ ವಿಧಾನ ಹೀಗಿದೆ: ಮನೆಗೆ ಹೋಗಿ, ವ್ಯಕ್ತಿಯನ್ನು ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ, ನಡುವೆ ಬಿಡುವು ಕೊಟ್ಟು ಮೂರು ಸಲ ಬಿಪಿ ನೋಡುತ್ತಾರೆ. ಮೊದಲನೆಯದನ್ನು ಬಿಟ್ಟು ಕೊನೆಯ ಎರಡರ ಸರಾಸರಿ ಹಿಡಿಯುತ್ತಾರೆ. ಹೊಸಬರು ಮನೆಗೆ ಬಂದ ಗಾಬರಿಗೆ ಮೊದಲ ಸಲ ಹೆಚ್ಚು ತೋರಿಸುವುದು ಸಾಮಾನ್ಯ. ಸರಾಸರಿ 140/90 ಅಥವಾ ಅದಕ್ಕಿಂತ ಮೇಲಿದ್ದವರು, ಇಲ್ಲವೇ ಈಗಾಗಲೇ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ಲೆಕ್ಕಕ್ಕೆ ಸೇರುತ್ತಾರೆ. ಅಂಥ 100 ಜನ ಸಿಕ್ಕರು ಎಂದಿಟ್ಟುಕೊಳ್ಳಿ. ತನಗೆ ಬಿಪಿ ಇದೆ ಎಂದು ಗೊತ್ತಿದ್ದವರು 50. ಅವರಲ್ಲಿ ಮಾತ್ರೆ ತೆಗೆದುಕೊಳ್ಳುತ್ತಿರುವವರು 30. ಅವರಲ್ಲಿ ಒತ್ತಡ 140/90ಕ್ಕಿಂತ ಕೆಳಗಿದ್ದವರು 12. ಇವು ನಾನು ಉದಾಹರಣೆಗೆ ಹಾಕಿದ ಸಂಖ್ಯೆಗಳು, ಭೂತಾನದವಲ್ಲ. ಇಂಥ ಕಡೆ ಸೇವೆ ಮುಟ್ಟಿದ್ದು ಶೇ. 12 ಎನ್ನಬಹುದು, ಶೇ. 30 ಎನ್ನಬಹುದು. 12 ಜನರನ್ನು ಮಾತ್ರೆ ತೆಗೆದುಕೊಳ್ಳುವ 30 ಜನರಿಂದ ಭಾಗಿಸಿ ಶೇ. 40 ಎಂದೂ ಬರೆಯಬಹುದು. ಮೂರೂ ಗಣಿತದಲ್ಲಿ ಸರಿ. ಯಾವುದನ್ನು ಆರಿಸಿಕೊಂಡಿರಿ, ಅದರ ಕೆಳಗೆ ಯಾರಿದ್ದಾರೆ ಎಂದು ಓದುಗರಿಗೆ ಹೇಳುವುದು ಬರೆಯುವವರ ಕೆಲಸ.

ನಾನು ಕೆಲಸ ಕಲಿತ ಮೇಜಿನಲ್ಲಿ ಹಿರಿಯ ಉಪಸಂಪಾದಕರೊಬ್ಬರಿದ್ದರು. ಹಸ್ತಪ್ರತಿಯಲ್ಲಿ ಶೇಕಡಾವಾರು ಕಂಡಲ್ಲೆಲ್ಲ ಕೆಂಪು ಮಸಿಯಲ್ಲಿ ‘ಯಾರಲ್ಲಿ?’ ಎಂದು ಬರೆದು ವಾಪಸ್ ಕೊಡುತ್ತಿದ್ದರು. ಉತ್ತರ ಅದೇ ವಾಕ್ಯದಲ್ಲಿ ಬರುವವರೆಗೆ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ. ನಿಮ್ಮ ಹಸ್ತಪ್ರತಿಯ ಅಂಚಿನಲ್ಲಿ ಹದಿನಾಲ್ಕು ಕಡೆ ಅದನ್ನೇ ಬರೆದಿದ್ದೇನೆ.

ಈಗ ಆ ಅರವತ್ತರ ವಿಚಾರ. ಭೂತಾನದ ಅಂಕ 60ರ ಆಸುಪಾಸಿನಲ್ಲಿರುವುದು ಸರಿ. ಆದರೆ ಅದು ಜನರ ಪ್ರಮಾಣವಲ್ಲ. ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 3.8.1 ಎಂಬ ಈ ಸೂಚ್ಯಂಕ ಅಗತ್ಯ ಆರೋಗ್ಯ ಸೇವೆಗಳು ಎಷ್ಟರಮಟ್ಟಿಗೆ ದೊರೆಯುತ್ತಿವೆ ಎಂದು ಅಳೆಯಲು ಇರುವುದು, ಇದನ್ನು 14 ಸೂಚಕಗಳಿಂದ ಕಟ್ಟುತ್ತಾರೆ. ಅವು ನಾಲ್ಕು ಗುಂಪಿನಲ್ಲಿವೆ: ತಾಯಿ-ಮಗುವಿನ ಆರೈಕೆ, ಸೋಂಕು ರೋಗ, ಸೋಂಕಲ್ಲದ ರೋಗ, ಆಸ್ಪತ್ರೆ ಮತ್ತು ಸಿಬ್ಬಂದಿಯ ಸಾಮರ್ಥ್ಯ. ಒಳಗೆ ಏನಿದೆ ನೋಡಿ. ಡಿಪಿಟಿ ಲಸಿಕೆಯ ಮೂರನೇ ಡೋಸ್ ಪಡೆದ ಮಕ್ಕಳು ಇದ್ದಾರೆ. ಅದು ಸೇವೆ, ಸರಿ. ತಂಬಾಕು ಬಳಸದ ವಯಸ್ಕರ ಪ್ರಮಾಣವೂ ಇದೆ. ತಂಬಾಕು ಮುಟ್ಟದವರಿಗೆ ಯಾವ ಸೇವೆ ದೊರೆಯಿತು? ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಡಿ ಸಾಂಕ್ರಾಮಿಕದಂಥ ತುರ್ತು ಎದುರಿಸಲು ಸರ್ಕಾರದ ಸನ್ನದ್ಧತೆಗೆ ಕೊಟ್ಟ ಅಂಕವೂ ಇದೆ. ಅದಕ್ಕೂ ಜನರ ಎಣಿಕೆಗೂ ಸಂಬಂಧವಿಲ್ಲ. 2017ರ ಸೂತ್ರದಲ್ಲಿ ಬಿಪಿ ಸೂಚಕ ಎಣಿಸುತ್ತಿದ್ದದ್ದು ಒತ್ತಡ ಹೆಚ್ಚಿಲ್ಲದವರನ್ನು. ಚಿಕಿತ್ಸೆ ಪಡೆಯುತ್ತಿರುವವರ ಪ್ರಮಾಣ ಬಂದದ್ದು ಆಮೇಲಿನ ತಿದ್ದುಪಡಿಯಲ್ಲಿ. ಇಷ್ಟು ಬಗೆಯ ಅಂಕಗಳನ್ನು ಬೆರೆಸಿ ತೆಗೆದ 60ನ್ನು ‘ನೂರಕ್ಕೆ ಅರವತ್ತು ಜನ’ ಎಂದು ಓದಲು ಬರುವುದಿಲ್ಲ. ‘100ಕ್ಕೆ 60 ಅಂಕ’ ಎಂದು ಬರೆಯಿರಿ, ಅಲ್ಲಿಗೆ ನಿಲ್ಲಿಸಿ.

ಸರಾಸರಿ ತೆಗೆಯುವ ಬಗೆಯನ್ನೂ ಹೇಳಬೇಕಿತ್ತು. ಇಲ್ಲಿ ಗುಣೋತ್ತರ ಸರಾಸರಿ ಬಳಸುತ್ತಾರೆ: ನಾಲ್ಕು ಗುಂಪಿನ ಅಂಕಗಳನ್ನು ಕೂಡಿಸುವ ಬದಲು ಗುಣಿಸಿ, ನಾಲ್ಕನೇ ಮೂಲ ತೆಗೆಯುತ್ತಾರೆ. ಮೂರು ಗುಂಪಿನಲ್ಲಿ 90, ಒಂದರಲ್ಲಿ 30 ಬಂದರೆ ಸಾಮಾನ್ಯ ಸರಾಸರಿ 75 ಆಗುತ್ತದೆ, ಗುಣೋತ್ತರ ಸರಾಸರಿ 68ಕ್ಕೆ ನಿಲ್ಲುತ್ತದೆ. ಒಂದು ಕಡೆಯ ಕೊರತೆಯನ್ನು ಇನ್ನೊಂದು ಕಡೆಯ ಸಾಧನೆ ಮುಚ್ಚಬಾರದೆಂದೇ ಈ ಸೂತ್ರ. ಲಸಿಕೆಯಲ್ಲಿ ಇಷ್ಟು ಮುಂದಿರುವ ದೇಶಕ್ಕೆ ಒಟ್ಟು ಅಂಕ ಏಕೆ ಕಡಿಮೆ ಎಂದು ನೀವು ಅಚ್ಚರಿಪಟ್ಟಿದ್ದೀರಿ. ಉತ್ತರ ಹುಡುಕಬೇಕಾದದ್ದು ಈ ನಾಲ್ಕು ಗುಂಪುಗಳ ಬಿಡಿ ಅಂಕಗಳಲ್ಲಿ. ಅವನ್ನು ಕೊಡದೆ ಒಟ್ಟು ಅಂಕವನ್ನಷ್ಟೇ ಕೊಟ್ಟಿದ್ದೀರಿ.

ಇಲ್ಲಿ ‘ಪುಟ್ಟ ದೇಶ’ ಎಂಬ ನಿಮ್ಮ ಶೀರ್ಷಿಕೆಗೆ ನಿಜವಾದ ಅರ್ಥ ಬರುತ್ತದೆ, ಲೇಖನ ಅದನ್ನು ಮುಟ್ಟಿಯೇ ಇಲ್ಲ. 2017ರ ಜನಗಣತಿಯಲ್ಲಿ ಭೂತಾನದ ಜನಸಂಖ್ಯೆ 7,27,145. ಆಸ್ಪತ್ರೆ ಹಾಸಿಗೆಗೆ ಸೂತ್ರದ ಮಿತಿ 10,000 ಜನರಿಗೆ 18. ಅಂದರೆ ಸುಮಾರು 1,309 ಹಾಸಿಗೆ ಇದ್ದರೆ ಪೂರ್ಣ ಅಂಕ. 2017ರ ಸೂತ್ರದಲ್ಲಿ ಸಿಬ್ಬಂದಿಯನ್ನು ವೈದ್ಯರು, ಶಸ್ತ್ರಚಿಕಿತ್ಸಕರು, ಮನೋವೈದ್ಯರು ಎಂದು ಮೂರು ಸಾಲಾಗಿ ಎಣಿಸುತ್ತಿದ್ದರು. ಮನೋವೈದ್ಯರ ಮಿತಿ ಲಕ್ಷಕ್ಕೆ ಒಬ್ಬರು, ಅಂದರೆ ಇಡೀ ದೇಶಕ್ಕೆ ಏಳು ಚಿಲ್ಲರೆ. ಏಳು ಜನರಿದ್ದರೆ ಆ ಸಾಲಿಗೆ 96 ಅಂಕ. ಅವರಲ್ಲಿ ಒಬ್ಬರು ಹೆಚ್ಚಿನ ಓದಿಗೆ ಹೊರಗೆ ಹೋದರೆ 82ರ ಹತ್ತಿರಕ್ಕೆ ಇಳಿಯುತ್ತದೆ. ಒಬ್ಬ ವ್ಯಕ್ತಿಗೆ ಹದಿನಾಲ್ಕು ಅಂಕ! ಆದರೆ ಆ ಸಾಲು ಮೂರರಲ್ಲಿ ಒಂದು, ಆ ಸೂಚಕ ತನ್ನ ಗುಂಪಿನ ಮೂರರಲ್ಲಿ ಒಂದು, ಆ ಗುಂಪು ನಾಲ್ಕರಲ್ಲಿ ಒಂದು. ಹಾಗಾಗಿ ಒಟ್ಟು ಅಂಕ 60 ಇದ್ದದ್ದು ಕಾಲು ಅಂಕದಷ್ಟು ಮಾತ್ರ ಕುಸಿಯುತ್ತದೆ. ಮಾನಸಿಕ ಕಾಯಿಲೆಯವರಿಗೆ ಅದು ದೊಡ್ಡ ನಷ್ಟ, ಸೂಚ್ಯಂಕದಲ್ಲಿ ಸುಳಿವೇ ಇಲ್ಲ. ನಿಮ್ಮ ಲೇಖನಕ್ಕೆ ಬೇಕಾದ ಸಾಮಗ್ರಿ ಇದು.

‘ಅಂಕ ಒಂದೆರಡು ಇಳಿದಿದೆ, ಆತಂಕದ ಸಂಗತಿ’ ಎಂದು ಬರೆಯುವಾಗ ನೀವು ಎರಡು ಬೇರೆ ವರ್ಷದ ವರದಿಗಳಿಂದ ಒಂದೊಂದು ಅಂಕ ಎತ್ತಿಕೊಂಡಿದ್ದೀರಿ. ಸೂತ್ರ ಮತ್ತು ದತ್ತಾಂಶ ಪರಿಷ್ಕರಣೆಯಾದಾಗ ಹಿಂದಿನ ವರ್ಷಗಳ ಅಂಕವನ್ನೂ ಹೊಸದಾಗಿ ಲೆಕ್ಕ ಹಾಕುತ್ತಾರೆ. ಹಳೆಯ ವರದಿಯ ಅಂಕದ ಪಕ್ಕ ಹೊಸ ವರದಿಯ ಅಂಕ ಇಡಬಾರದು. ಇತ್ತೀಚಿನ ಒಂದೇ ವರದಿಯ ಸರಣಿ ಹಿಡಿದು 2000ದಿಂದ ಈಚೆಗೆ ನೋಡಿ.

ಲಸಿಕೆಯ ಪ್ಯಾರಾಕ್ಕೆ ಬರೋಣ. ‘ಕೆಲವು ಜಿಲ್ಲೆಗಳಲ್ಲಿ ಲಸಿಕೆ ಪ್ರಮಾಣ ಶೇ. 100 ದಾಟಿರುವುದು ಹೆಮ್ಮೆಯ ಸಂಗತಿ.’ ಶೇ. 100 ದಾಟಿದರೆ ಲೆಕ್ಕ ಎಲ್ಲೋ ತಪ್ಪಿದೆ, ಮೊದಲು ಅದನ್ನು ಹುಡುಕಬೇಕು. ಗಾಸಾ ಜಿಲ್ಲೆಯನ್ನೇ ನೋಡಿ. ಅಲ್ಲಿ ನಾಲ್ಕು ಸಾವಿರದಷ್ಟೂ ಜನರಿಲ್ಲ. ಎತ್ತರದ ಲಾಯಾ ಕಡೆಯ ಕುಟುಂಬಗಳು ಚಳಿಗಾಲಕ್ಕೆ ಪುನಾಖಾ ಕಡೆಗೆ ಇಳಿದು ಬರುವುದು ಹಳೆಯ ರೂಢಿ. ಮಗುವಿನ ಹೆಸರು ಗಾಸಾದ ಪಟ್ಟಿಯಲ್ಲಿ, ಅಂದರೆ ಅಲ್ಲಿನ ಛೇದದಲ್ಲಿ. ಚುಚ್ಚುಮದ್ದು ಹಾಕಿಸಿಕೊಂಡದ್ದು ಪುನಾಖಾದಲ್ಲಿ, ಅಂದರೆ ಅಲ್ಲಿನ ಅಂಶದಲ್ಲಿ. ಒಂದು ಜಿಲ್ಲೆ ಸುಮ್ಮನೆ ಕೆಳಗಿಳಿಯುತ್ತದೆ, ಇನ್ನೊಂದು ಸುಮ್ಮನೆ ಮೇಲೇರುತ್ತದೆ. ಮಗುವಿಗೆ ಲಸಿಕೆ ಆಗಿದೆ, ದೋಷ ಇರುವುದು ರಿಜಿಸ್ಟರಿನಲ್ಲಿ. ವರ್ಷಕ್ಕೆ ಐವತ್ತು ಮಕ್ಕಳು ಹುಟ್ಟುವ ಕಡೆ ಇಂಥ ಐದು ಮಕ್ಕಳಿದ್ದರೆ ಹತ್ತು ಅಂಕ ವ್ಯತ್ಯಾಸ. ಇಂಥ ಜಾಗದಲ್ಲಿ ಶೇಕಡಾವಾರು ಕೊಡಲೇಬೇಡಿ. ‘50 ಮಕ್ಕಳಲ್ಲಿ 45’ ಎಂದು ಎಣಿಕೆಯನ್ನೇ ಕೊಡಿ, ಮೂರು ವರ್ಷದ ಲೆಕ್ಕ ಒಟ್ಟುಗೂಡಿಸಿ ಕೊಟ್ಟರೆ ಇನ್ನೂ ಒಳ್ಳೆಯದು.

ರಿಜಿಸ್ಟರ್ ಬಿಟ್ಟು ಮನೆಮನೆ ಸಮೀಕ್ಷೆ ಹಿಡಿದರೆ ಬೇರೆ ತೊಡಕು. 12ರಿಂದ 23 ತಿಂಗಳಿನ 120 ಮಕ್ಕಳು ಮಾದರಿಯಲ್ಲಿ ಸಿಕ್ಕು, 108 ಮಕ್ಕಳಿಗೆ ಮೂರನೇ ಡೋಸ್ ಆಗಿದ್ದರೆ ಅದು ಶೇ. 90. ನೇರ ಚೀಟಿ ಎತ್ತಿ ಆರಿಸಿದ ಮಾದರಿಯೆಂದು ಹಿಡಿದರೂ ನಿಜವಾದ ಪ್ರಮಾಣ 85ರಿಂದ 95ರ ನಡುವೆ ಎಲ್ಲಾದರೂ ಇರಬಹುದು. ಮೊದಲು ಕೆಲವು ಊರುಗಳನ್ನು ಆರಿಸಿ, ಆಮೇಲೆ ಆ ಊರಿನ ಮನೆಗಳನ್ನು ಆರಿಸಿದರೆ ಈ ಅಂತರ ಇನ್ನೂ ಹಿಗ್ಗುತ್ತದೆ, 83ರಿಂದ 97 ಆಗಬಹುದು. ಒಂದೇ ಊರಿನ ಮನೆಗಳು ಒಂದನ್ನೊಂದು ಹೋಲುವುದರಿಂದ ಮಾದರಿಗೆ ಕಾಣುವಷ್ಟು ಬಲ ಇರುವುದಿಲ್ಲ. ನಿಮ್ಮ ಲೇಖನದಲ್ಲಿ ‘90ರಿಂದ 93ಕ್ಕೆ ಜಿಗಿದಿದೆ’ ಎಂಬ ಮಾತಿದೆ. ಇಷ್ಟು ಅಗಲದ ಅಂತರದೊಳಗೆ ಅದನ್ನು ಜಿಗಿತ ಎನ್ನಲು ಬರುವುದಿಲ್ಲ.

ಕೊನೆಗೆ ಹಣ. ‘ಚಿಕಿತ್ಸೆ ಉಚಿತವಾದ್ದರಿಂದ ಜನರಿಗೆ ಖರ್ಚಿನ ಹೊರೆ ಇಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಇದಕ್ಕೇ 3.8.2 ಎಂಬ ಪ್ರತ್ಯೇಕ ಸೂಚಕ ಇದೆ. ಮನೆಯ ಒಟ್ಟು ಖರ್ಚಿನಲ್ಲಿ ಆರೋಗ್ಯದ ಪಾಲು ಶೇ. 10ನ್ನು, ಇನ್ನೂ ಕಠಿಣ ಮಿತಿಯಲ್ಲಿ ಶೇ. 25ನ್ನು ದಾಟಿದ ಮನೆಗಳಲ್ಲಿರುವ ಜನರ ಪ್ರಮಾಣ ಎಂದು 2025ರ ಪರಿಷ್ಕರಣೆಯವರೆಗೆ ಅದನ್ನು ಲೆಕ್ಕ ಹಾಕುತ್ತಿದ್ದರು. ಮಾಹಿತಿ ಬರುವುದು ಮನೆಖರ್ಚಿನ ಸಮೀಕ್ಷೆಯಿಂದ. ಭೂತಾನದಲ್ಲಿ ಜೀವನಮಟ್ಟ ಸಮೀಕ್ಷೆ 2012, 2017, 2022ರಲ್ಲಿ ನಡೆದಿದೆ. ತಿಂಗಳಿಗೆ 12,000 ಙುಲ್ಟ್ರಮ್ ಖರ್ಚು ಮಾಡುವ ಮನೆಗೆ (ಙುಲ್ಟ್ರಮ್ ನಮ್ಮ ರೂಪಾಯಿಗೆ ಸಮ) ಶೇ. 10ರ ಗೆರೆ 1,200ಕ್ಕೆ ಬೀಳುತ್ತಿತ್ತು. ಲ್ಹುಂಟ್ಸೆಯ ಹಳ್ಳಿಯಿಂದ ಮೊಂಗಾರ್‌ನ ಪ್ರಾದೇಶಿಕ ಆಸ್ಪತ್ರೆಗೆ, ಅಲ್ಲಿಂದ ಥಿಂಪುವಿನ ರಾಷ್ಟ್ರೀಯ ಆಸ್ಪತ್ರೆಗೆ ಹೋಗಬೇಕಾದವರಿಗೆ ಔಷಧಿ, ಹಾಸಿಗೆ, ಶಸ್ತ್ರಚಿಕಿತ್ಸೆ ಉಚಿತ. ಬಸ್ಸಿನ ಖರ್ಚು, ಜೊತೆಗೆ ಹೋದವರ ಊಟ ಮತ್ತು ವಸತಿ, ಹೊಲ ಬಿಟ್ಟು ಬಂದ ದಿನಗಳ ನಷ್ಟ ಉಚಿತವಲ್ಲ. ಇವು ಸೂಚಕದ ‘ಆರೋಗ್ಯ ಖರ್ಚು’ ಖಾತೆಗೂ ಬರುವುದಿಲ್ಲ. ಪ್ರಯಾಣದ ಖಾತೆ ಬೇರೆ, ಊಟದ ಖಾತೆ ಬೇರೆ. ಕಾಯಿಲೆ ಬಿದ್ದಾಗ ಮನೆಯವರು ಮಾಡಿಸುವ ರಿಮ್‌ದ್ರೋ ಪೂಜೆಯ ಖರ್ಚನ್ನು ಎಲ್ಲಿ ಬರೆದುಕೊಳ್ಳಬೇಕು ಎಂಬ ಪ್ರಶ್ನೆಯೂ ಇದೆ. ಸೇರಿಸಿದರೆ ಒಂದು ಉತ್ತರ, ಬಿಟ್ಟರೆ ಇನ್ನೊಂದು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಸೊನ್ನೆ. ಖರ್ಚಿನ ಕಾಲಂನಲ್ಲಿ ಸೊನ್ನೆ ಬರೆಸಿದ ಮನೆಗಳು ಎರಡು ಬಗೆ: ಉಚಿತ ಚಿಕಿತ್ಸೆ ಪಡೆದ ಮನೆ, ದೂರಕ್ಕೆ ಹೆದರಿ ಹೋಗದೇ ಉಳಿದ ಮನೆ. ಸೂಚಕಕ್ಕೆ ಇಬ್ಬರೂ ಒಂದೇ. ಆದ್ದರಿಂದ ಈ ಸಂಖ್ಯೆಯನ್ನು ಒಂಟಿಯಾಗಿ ಇಡಬೇಡಿ. ಪಕ್ಕದಲ್ಲೇ ‘ಕಾಯಿಲೆ ಬಿದ್ದೂ ಆರೋಗ್ಯ ಕೇಂದ್ರಕ್ಕೆ ಹೋಗದವರು ಎಷ್ಟು, ಏಕೆ’ ಎಂಬ ಪ್ರಶ್ನೆಗೆ ಸಮೀಕ್ಷೆಯಲ್ಲಿ ಸಿಕ್ಕ ಉತ್ತರವನ್ನು ಇಡಿ.

ತಿದ್ದಿ ಕಳಿಸುವುದಾದರೆ ಹದಿನಾಲ್ಕೂ ಸೂಚಕಗಳನ್ನು ಹೊತ್ತುಕೊಂಡು ಬರಬೇಡಿ. ಬಿಪಿ ಮತ್ತು ಮೂರನೇ ಡೋಸ್ ಎರಡೇ ಸಾಕು. ಪ್ರತಿಯೊಂದಕ್ಕೂ ಅಂಶ, ಛೇದ, ಯಾವ ವರ್ಷದ ಯಾವ ಸಮೀಕ್ಷೆ, ಅಂತರ ಎಷ್ಟು ಎಂಬ ನಾಲ್ಕು ಕಾಲಂ ಇರುವ ಸಣ್ಣ ಕೋಷ್ಟಕ ಮಾಡಿ, ಬರವಣಿಗೆ ಅದರ ಸುತ್ತ ಬೆಳೆಯಲಿ. ಕೊನೆಯ ಪ್ಯಾರಾದಲ್ಲಿ ‘ಭಾರತ ಭೂತಾನದಿಂದ ಕಲಿಯಲಿ’ ಎಂದಿರುವುದನ್ನು ತೆಗೆದು, ಆ ಜಾಗಕ್ಕೆ ಎರಡೂ ದೇಶಗಳ ನಡುವೆ ನಿಜವಾಗಿ ನಡೆಯುತ್ತಿರುವುದನ್ನು ಬರೆಯಿರಿ. ಭೂತಾನದಲ್ಲಿ ಆಗದ ಚಿಕಿತ್ಸೆಗೆ ಅಲ್ಲಿನ ಸರ್ಕಾರ ತನ್ನ ಖರ್ಚಿನಲ್ಲಿ ರೋಗಿಗಳನ್ನು ಕೋಲ್ಕತ್ತಾಗೆ, ವೆಲ್ಲೂರಿಗೆ ಕಳಿಸುತ್ತ ಬಂದಿದೆ. ದೇಶದೊಳಗಿನ ಹಾಸಿಗೆ ಮತ್ತು ವೈದ್ಯರನ್ನಷ್ಟೇ ಎಣಿಸುವ ಸೂಚ್ಯಂಕಕ್ಕೆ ವೆಲ್ಲೂರಿನ ಹಾಸಿಗೆಯಲ್ಲಿ ಮಲಗಿರುವ ಭೂತಾನದ ರೋಗಿ ಕಾಣುವುದಿಲ್ಲ. ಭೂತಾನದ ಬೊಕ್ಕಸದಲ್ಲಿ ಆ ಖರ್ಚು ಕಾಣುತ್ತದೆ. ವರ್ಷಕ್ಕೆ ಎಷ್ಟು ಜನ ಹೋದರು, ಯಾವ ಕಾಯಿಲೆಗೆ, ಕಳಿಸಬೇಕೆಂದು ತೀರ್ಮಾನವಾದ ಮೇಲೆ ಹೊರಡಲು ಎಷ್ಟು ದಿನ ಹಿಡಿಯಿತು: ಈ ಮೂರನ್ನು ಅಲ್ಲಿನ ಆರೋಗ್ಯ ಸಚಿವಾಲಯದ ವಾರ್ಷಿಕ ವರದಿಗಳಲ್ಲಿ ಹುಡುಕಿ, ಸಿಕ್ಕಷ್ಟನ್ನು ಹಾಕಿ ಕಳಿಸಿ. ನಾನೇ ಓದುತ್ತೇನೆ.

ನಿಮ್ಮ,
ಸಂಪಾದಕ